ಹೆಂಚಿನ ಮೇಲಿನ ಹುಲ್ಲುಬೀಜ

"ಯಾಕೋ ಮುದುಕ, ಬೀಜ ಅಂದ ಕೂಡ್ಲೆ ಹೆಣ ಕಂಡೋನ ಹಂಗೆ ಮುಖ ಮಾಡ್ತೀಯ? ಜೋಳ ಹಾಕುವಾಗ ಹಲ್ಲು ಕಿಸೀತಿದ್ದೆ, ಸೂಳೇಮಗನೆ."

ಗುಡ್ಡಗಳ ಧಣಿ ದೊನ್ ಎವೇಲಿಯೊ ಕುದುರೆಯಿಂದ ಇಳಿಯಲಿಲ್ಲ. ಅವನ ಆಳು ಹುಲ್ಲುಬೀಜದ ಚೀಲವನ್ನು ಬದುವಿನ ಮೇಲೆ ಕೆಡವಿದ. ಮುದುಕ ಸೆಲೆಸ್ತೀನೊ ಕಳೆ ಕೀಳುತ್ತಿದ್ದವನು ನಿಧಾನವಾಗಿ ಎದ್ದು ನಿಂತು ಟೋಪಿ ತೆಗೆದ.

"ಇದೇ ಕೊನೇ ಗುಡ್ಡ ಧಣಿ. ಇದರಲ್ಲೂ ಹುಲ್ಲು ಬಂದ್ರೆ ಮುಂದಿನ ವರ್ಷ ನಾವು ಎಲ್ಲಿ ಜೋಳ ಹಾಕೋಣ?"

"ನನ್ನ ದನ ಯಾವತ್ತೂ ಹಿಂಗ್ ಎದುರು ಮಾತಾಡಿಲ್ಲ ಕಣೋ. ಅದಕ್ಕೇ ಅವಕ್ಕೆ ಹುಲ್ಲು, ನಿಮಗೆ ಮಣ್ಣು." ಅವನು ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ರುಫೀನಾಳ ಕಡೆ ತಿರುಗಿದ. "ಚೀಲ ನಿನ್ನ ಮನೇಲಿರ್ಲಿ. ಎಲ್ಲರಿಗೂ ನೀನೇ ಹಂಚು. ಈ ಕೇರೀಲಿ ನಂಬೋ ಅಂಥೋಳು ನೀನೊಬ್ಬಳೇ."

ಸಾಲಿನಲ್ಲಿದ್ದವರೆಲ್ಲ ಬಗ್ಗಿ ಕಳೆ ಕೀಳತೊಡಗಿದರು. ರುಫೀನಾಳ ಕಿವಿ ಸುಟ್ಟಂತಾಯಿತು.

ಓಲಾಂಚೊ ಸೀಮೆಯ ಆ ಗುಡ್ಡಗಳಲ್ಲಿ ಕಟ್ಟಳೆ ಮೊದಲಿನಿಂದಲೂ ಒಂದೇ. ಪೊದೆ ಕಡಿದು, ಸುಟ್ಟು, ಜೋಳ ಹಾಕಬಹುದು, ಗೇಣಿಯಿಲ್ಲ. ಜೋಳ ಮೊಣಕಾಲೆತ್ತರ ಬಂದಾಗ ಸಾಲುಗಳ ನಡುವೆ ಧಣಿಯ ಹುಲ್ಲು ಬಿತ್ತಬೇಕು. ತೆನೆ ಮುರಿದುಕೊಂಡು ಇವರು ಹೊರಗೆ ಬಂದರೆ ದನ ಒಳಗೆ ಹೋಗುತ್ತವೆ. ತಮ್ಮನ್ನು ಹೊರಗೆ ಹಾಕುವ ಬೀಜವನ್ನು ತಾವೇ ಬಿತ್ತುತ್ತ ಅವರು ಗುಡ್ಡದಿಂದ ಗುಡ್ಡಕ್ಕೆ ಹತ್ತಿದ್ದರು.

ಹೋದ ವರ್ಷ ದೊಮಿತೀಲಾ ಒಬ್ಬಳು ಮಾತ್ರ ಧಣಿಗೆ ಎದುರಾಡಿ ಬಿತ್ತದೆ ಉಳಿದಳು. ಆಮೇಲೆ ಕಾಯಿಲೆಯ ಗಂಡನನ್ನು ಕರೆದುಕೊಂಡು ಪಟ್ಟಣದ ಆಸ್ಪತ್ರೆಗೆ ಹೋದಳು. ಹೋಗುವಾಗ ರುಫೀನಾಳಿಗೆ "ನನ್ನ ಜೋಳ ನೋಡ್ಕೊ ಕೊಮಾದ್ರೆ" ಎಂದಿದ್ದಳು. ರುಫೀನಾಳ ಮಗಳನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಅವಳು ಅತ್ತ ಹೋದ ಮೇಲೆ ಧಣಿ ಇತ್ತ ಬಂದು, ಅವಳ ತುಂಡಿಗೂ ನೀನೇ ಹುಲ್ಲು ಬಿತ್ತು, ಮುಂದಿನ ವರ್ಷ ಕಲ್ಲು ಕಡಿಮೆ ಇರುವ ತುಂಡು ನಿನಗೆ ಎಂದ. ರುಫೀನಾ ಬಿತ್ತಿದಳು. ದೊಮಿತೀಲಾ ಗಂಡನನ್ನು ಅಲ್ಲೇ ಮಣ್ಣು ಮಾಡಿ ಬಂದಾಗ ಅವಳ ಜೋಳದ ನಡುವೆ ಹುಲ್ಲು ಹಸಿರಾಗಿತ್ತು. ಎದುರಾಡಿದವಳೆಂದು ಈ ವರ್ಷ ಅವಳಿಗೆ ತುಂಡೂ ಸಿಗಲಿಲ್ಲ. ಈಗ ಅವಳು ಸೌದೆ ಹೊತ್ತು ಮಾರುತ್ತಾಳೆ.

ಬಿತ್ತಿದವರು ಯಾರು ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಹೊರೆ ಹೊತ್ತು ಹೋಗುವಾಗ ಮೊದಲಿನ ಹಾಗೆಯೇ ರುಫೀನಾಳ ಬಾಗಿಲಲ್ಲಿ ಒಂದೆರಡು ಕೊಂಬೆ ಇಟ್ಟು ಹೋಗುತ್ತಾಳೆ. ಚೆನ್ನಾಗಿ ಒಣಗಿದವನ್ನೇ ಆರಿಸಿ ಇಡುತ್ತಾಳೆ. ಆ ಸೌದೆಯನ್ನು ಒಲೆಗೆ ಹಾಕಲು ರುಫೀನಾಳ ಕೈ ಬರುವುದಿಲ್ಲ. ಅದು ಹಿತ್ತಲ ಗೋಡೆಗೆ ಒರಗಿ ಎದೆಯೆತ್ತರ ಬೆಳೆದಿತ್ತು.

ಚೀಲ ಬಂದ ಮರುದಿನ ಬೆಳಗ್ಗೆ ರುಫೀನಾ ರೊಟ್ಟಿ ತಟ್ಟಿ ಮುಗಿಸಿದಳು. ಹೆಂಚನ್ನು ಕೆಳಗಿಳಿಸಲಿಲ್ಲ. ಹಿತ್ತಲಿಗೆ ಹೋಗಿ ಆ ರಾಶಿಯಿಂದ ಒಂದು ತೋಳು ಸೌದೆ ತಂದಳು. ಚೀಲದ ಬಾಯಿ ಬಿಚ್ಚಿ ಹುಲ್ಲುಬೀಜವನ್ನು ಹೆಂಚಿಗೆ ಸುರಿದಳು.

ಗುಡಿಸಲು ತುಂಬ ಘಮ. ಅರ್ಧ ಚೀಲ ಹುರಿಯುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ದೊಮಿತೀಲಾ ತಲೆಯ ಹೊರೆ ಇಳಿಸದೆ ಹೆಂಚು ನೋಡಿದಳು, ಒಲೆಯಲ್ಲಿ ಉರಿಯುತ್ತಿದ್ದ ತನ್ನದೇ ಸೌದೆಯನ್ನು ನೋಡಿದಳು.

"ಕೊಮಾದ್ರೆ, ಹೋದ ವರ್ಷ ನಾನು..." ಎಂದು ರುಫೀನಾ ಬಾಯಿ ತೆರೆದಳು.

"ಮಾತು ಆಮೇಲೆ. ಕೈಯಾಡಿಸ್ತಾ ಇರೆ. ಕಪ್ಪಾದ್ರೆ ಆ ಬೋಳಿಮಗನಿಗೆ ಗೊತ್ತಾಗುತ್ತೆ."

ಅವಳು ಹೊರೆ ಬಿಚ್ಚಿ ಒಲೆಯ ಮುಂದೆ ಕೂತಳು. ಅಂದು ಮಾರಬೇಕಿದ್ದ ಸೌದೆಯನ್ನೇ ಒಂದೊಂದಾಗಿ ಒಳಗೆ ತಳ್ಳಿದಳು. ರುಫೀನಾಳಿಗೆ ಅವಳ ಮುಖ ನೋಡಲಾಗಲಿಲ್ಲ. ಹೊಗೆಯನ್ನು ನೆಪ ಮಾಡಿಕೊಂಡು ಕಣ್ಣೊರೆಸಿಕೊಂಡಳು.

ಪಾಲು ಕೊಡುವಾಗ ಸೆಲೆಸ್ತೀನೊ ಬೀಜದೊಳಗೆ ಕೈಯಿಟ್ಟು ಹಾಗೇ ನಿಂತ.

"ಬಿಸಿ ಇದೆಯಲ್ಲಮ್ಮ."

"ಬಿಸಿಲಲ್ಲಿಟ್ಟಿದ್ದೆ ತಾತ. ಬೇಡ ಅಂದ್ರೆ ಈಗ್ಲೇ ಹೇಳು. ಸಿಕ್ಕಿಬಿದ್ರೆ ಎಲ್ಲರ ಮೈಮೇಲೂ ಬರುತ್ತೆ."

ಮುದುಕ ಆಕಾಶ ನೋಡಿದ. ದಟ್ಟ ಮೋಡವಿತ್ತು. "ಒಳ್ಳೇ ಬಿಸಿಲು ಬಿಡಮ್ಮ" ಎಂದು ಟೋಪಿ ಒಡ್ಡಿದ. ಅವನ ಹಿಂದಿದ್ದವರು ಏನೂ ಕೇಳದೆ ಒಬ್ಬೊಬ್ಬರಾಗಿ ಒಡ್ಡಿದರು.

ಬಿತ್ತುವಾಗ ದೊನ್ ಎವೇಲಿಯೊ ಬಂದ. ರುಫೀನಾಳ ಮಡಿಲಿನಿಂದ ಒಂದು ಚಿಟಿಕೆ ಬೀಜ ಎತ್ತಿ ಮೂಗಿಗೆ ಹಿಡಿದ.

"ಏನಿದು, ಹೊಗೆ ವಾಸನೆ?"

"ನಮ್ಮ ಮನೇಲಿಟ್ಟಿದ್ದು ಇನ್ಯಾವ ವಾಸನೆ ಬಂದೀತು ಧಣಿ?"

"ಥೂ, ನಿಮ್ಮ ನಾತ ಬೀಜಕ್ಕೂ ಹತ್ತುತ್ತೆ." ಬೆರಳನ್ನು ಅವಳ ತಲೆವಸ್ತ್ರಕ್ಕೇ ಒರೆಸಿದ. "ಒತ್ತಾಗಿ ಹಾಕು."

ಅವಳು ಒತ್ತಾಗಿ ಹಾಕಿದಳು.

ಮಳೆ ಚೆನ್ನಾಗಿ ಹಿಡಿಯಿತು. ಜೋಳ ಎದೆಯುದ್ದ ಎದ್ದಿತು. ಸಾಲುಗಳ ನಡುವೆ ಮಣ್ಣು ಕಪ್ಪಗೆ, ಬರಿದಾಗಿತ್ತು. ಎಲ್ಲರೂ ಅದನ್ನು ನೋಡಿದರು. ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಒಂದು ಬೆಳಗ್ಗೆ ಕೆಳಗಿನ ದಾರಿಯಲ್ಲಿ ಕುದುರೆಗಳ ಸದ್ದಾಯಿತು. ಈ ಸಲ ಒಂದಲ್ಲ, ಹಲವು. ರುಫೀನಾ ಬದುವಿಗೆ ಬಂದು ನಿಂತಳು.

"ಚೀಲ ನನ್ನ ಮನೇಲಿತ್ತು. ನೀನು ಮನೆಗೆ ಹೋಗು" ಎಂದಳು, ಸೌದೆ ಹೊತ್ತು ಅಲ್ಲಿಗೆ ಬಂದಿದ್ದ ದೊಮಿತೀಲಾಳಿಗೆ.

ದೊಮಿತೀಲಾ ಹೋಗಲಿಲ್ಲ. "ಸೌದೆ ಯಾರದ್ದೇ?" ಎಂದು ಕೇಳಿ, ತಲೆಯ ಹೊರೆ ಇಳಿಸಿ, ಅದರಿಂದ ಒಂದು ದಪ್ಪ ಕೊಂಬೆ ಎಳೆದು ಕೈಯಲ್ಲಿ ಹಿಡಿದಳು. ಇನ್ನೊಂದನ್ನು ಎಳೆದು ರುಫೀನಾಳಿಗೆ ಕೊಟ್ಟಳು. ಒಣಗಿದ್ದನ್ನೇ ಆರಿಸಿ ಕೊಟ್ಟಳು.