ಒಂಬತ್ತನೆಯ ಮಹಡಿಯ ಬಸ್ಸು

ಲಿಫ್ಟಿನೊಳಗೆ ನಿಂತು ಕಾಜಮ್ಮ ಒಂಬತ್ತನ್ನು ಒತ್ತಿದಳು. ಮನೆ ಇರುವುದು ಹನ್ನೊಂದರಲ್ಲಿ. ಅದು ಅವಳಿಗೆ ಚೆನ್ನಾಗಿಯೇ ಗೊತ್ತು. ಆದರೂ ಒತ್ತಿ, ಕನ್ನಡಕ ಸರಿಮಾಡಿಕೊಂಡು, ಮುಖವನ್ನು ಒಂದಿಷ್ಟು ಪೆಚ್ಚು ಮಾಡಿಕೊಂಡಳು. ದಾರಿಯಲ್ಲಿ ಯಾರಾದರೂ ಸಿಕ್ಕಿದರೆ ಅಯ್ಯೋ, ಇದು ಹನ್ನೊಂದಲ್ವಾ ಎನ್ನಬೇಕಲ್ಲ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನಾಟಕ ಆಡುವ ಗ್ರಹಚಾರ ಬಂತಲ್ಲ ಎಂದು ಅವಳಿಗೇ ನಗು. ಇವತ್ತು ಮಾತ್ರ ಆ ನಗು ಪೂರ್ತಿ ಹೊರಗೆ ಬರಲಿಲ್ಲ.

ನಲವತ್ತು ವರ್ಷ ಟೈಲರ್ ಅಂಗಡಿಗಳಿಗೆ ಅಂಗಿಯ ಕಾಜಾ ಹೊಲಿದು ಗುಂಡಿ ಹಚ್ಚಿಕೊಟ್ಟವಳು, ಹಾಗಾಗಿ ಬೀದಿಗೆಲ್ಲ ಕಾಜಮ್ಮ. ಆ ಬೀದಿ ಎಷ್ಟು ಕಿರಿದೆಂದರೆ, ಎದುರುಮನೆಯವರು ಸೀನಿದರೆ ಇವಳು ತನ್ನ ಹೊಸ್ತಿಲಿಂದಲೇ ತಲೆ ಒರೆಸ್ಕೊಳ್ಳೋ ಎಂದು ಬೈಯುತ್ತಿದ್ದಳು. ಹೋಗಿಬರುವವರೆಲ್ಲ ಒಂದೊಂದು ಮಾತು ಎಸೆದೇ ಮುಂದೆ ಹೋಗುವರು. ರಸ್ತೆ ಅಗಲ ಮಾಡಲು ಆ ಸಾಲನ್ನೇ ಕೆಡವಿದರು. ಮಗ ಬಂದು ಕರೆದುಕೊಂಡು ಹೋದ. ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು, ಸೊಸೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಬ್ಬರೂ ಒಳ್ಳೆಯವರೇ. ಬಿಸಿಲು ಬೀಳುವ ಕೋಣೆಯನ್ನು ಅವಳಿಗೇ ಬಿಟ್ಟುಕೊಟ್ಟು ತಾವು ಕತ್ತಲೆಯದನ್ನು ಹಿಡಿದರು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಆರೂವರೆಗೆ.

ಹನ್ನೊಂದನೆಯ ಮಹಡಿಗೆ ಸದ್ದು ಹತ್ತುತ್ತಿರಲಿಲ್ಲ. ಕಿಟಕಿಯ ತುಂಬ ಮೋಡ ಬರುವುದು, ನಿಲ್ಲುವುದು, ಹೋಗುವುದು. ಅದನ್ನು ನೋಡುತ್ತಾ ಮಲಗಿದರೆ ನಿದ್ದೆಯೋ ಎಚ್ಚರವೋ, ಮಂಚ ಎಲ್ಲಿಗೋ ಮೆಲ್ಲಗೆ ತೇಲಿಹೋಗುತ್ತಿದೆ ಅನಿಸುವುದು. ಮಂಗಳವಾರವೂ ಬೆಳ್ಳಗೆ, ಶುಕ್ರವಾರವೂ ಬೆಳ್ಳಗೆ. ಎರಡೇ ತಿಂಗಳಲ್ಲಿ ಕಾಲು ಊದಿತು, ಹಸಿವು ಸತ್ತಿತು. ಒಂದು ದಿನವಂತೂ ಕತ್ತರಿ ಎಂಬ ಮಾತೇ ನಾಲಗೆಗೆ ಬರಲಿಲ್ಲ. ನಲವತ್ತು ವರ್ಷ ಕೈಯಲ್ಲಿ ಹಿಡಿದ ವಸ್ತು! ಅವತ್ತು ಅವಳು ನಿಜಕ್ಕೂ ಹೆದರಿದಳು.

ಆ ವಾರವೇ ಕಸ ಹಾಕಲು ಕೆಳಗಿಳಿದವಳು, ವಾಪಸು ಬರುವಾಗ ಲಿಫ್ಟು ನಿಂತ ಕಡೆ ಇಳಿದಳು. ಅದೇ ಗೋಡೆ, ಅದೇ ಬಾಗಿಲು. ಕೀಲಿ ಮಾತ್ರ ತಿರುಗಲೊಲ್ಲದು. ಗುದ್ದಾಡುತ್ತಿರುವಾಗ ಒಳಗಿಂದ ಬಾಗಿಲು ತೆರೆದು ಒಬ್ಬ ಮುದುಕ ನಿಂತ. ತಾನು ದಾರಿ ತಪ್ಪಿದ್ದೇನೆ ಎನ್ನುವುದಕ್ಕಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು, ಅವನ ಅಂಗಿಗೆ ಮೇಲಿನ ಎರಡು ಗುಂಡಿ ಇಲ್ಲ ಎಂಬುದು.

"ಹನ್ನೊಂದಾ? ಎರಡು ಸ್ಟಾಪು ಮೊದಲೇ ಇಳಿದಿದೀರಿ ತಾಯಿ," ಎಂದ ಅವನು. ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದವನು. ಹೆಂಡತಿ ಹೋದ ಮೇಲೆ ಒಬ್ಬನೇ. ಕಟ್ಟಡದ ಮಕ್ಕಳೆಲ್ಲ ಅವನನ್ನು ಡ್ರೈವರಜ್ಜ ಎನ್ನುತ್ತಿದ್ದರು.

ಅವಳು ಒಳಗೆ ಕೂತು ಅವನ ಅಂಗಿಗೆ ಗುಂಡಿ ಹಚ್ಚಿ ಮುಗಿಸುವಷ್ಟರಲ್ಲಿ, ಮೊದಲು ಅವಳು ಇದ್ದ ಬೀದಿ ಯಾವುದೆಂದು ಮಾತಿಗೆ ಬಂತು. ಅಜ್ಜನ ಮುಖ ಅರಳಿತು. ಅದು ಅವನ ರೂಟು! ಕಿಟಕಿಗೆ ಮುಖಮಾಡಿದ ಕುರ್ಚಿಯಲ್ಲಿ ಕೂತು, ಬರಿಗೈಯಲ್ಲೇ ಸ್ಟೇರಿಂಗ್ ಹಿಡಿದು, ಬಸ್ಸು ಹತ್ತಿ ಎಂದ. ಅವಳು ಹಿಂದಿನ ಮಂಚದ ಮೇಲೆ ಕೂತಳು. ಒಂಬತ್ತನೆಯ ಮಹಡಿ ಒಂದು ಸಲ ಮೆಲ್ಲಗೆ ನಡುಗಿ, ಮೋಡದೊಳಗೆ ಹೊರಟಿತು.

ಮಿಲ್ಲಿನ ಗೇಟು, ನೀರಿನ ಟ್ಯಾಂಕು, ಹೆಣ್ಣುಮಕ್ಕಳ ಶಾಲೆ. ಒಂದೊಂದೇ ಸ್ಟಾಪು ಅವನು ಕೂಗುವನು. ಅಲ್ಲಿ ಯಾರು ಹತ್ತುತ್ತಿದ್ದರು, ಯಾರ ಅಂಗಿಗೆ ಎಂಥ ನೂಲು ಹಿಡಿಯುತ್ತಿತ್ತು ಎಂದು ಇವಳು ಹೇಳುವಳು. ಅವನು ತಪ್ಪಿದರೆ ಇವಳು ತಿದ್ದುವಳು, ಜಗಳವೂ ಆಗುವುದು. ತನ್ನ ಬೀದಿ ಬಂದಾಗ ಕಾಜಮ್ಮ ಎದ್ದು ನಿಲ್ಲುವಳು. ಆ ಬಸ್ಸಿನ ದಾರಿಯಲ್ಲಿ ಅದನ್ನು ಯಾರೂ ಕೆಡವಿರಲಿಲ್ಲ.

ಮೊದಲ ದಿನ ಮಗ ಮನೆಗೆ ಬಂದು ನೋಡಿದರೆ ತಾಯಿಯೇ ಇಲ್ಲ. ಜೀವ ಬಾಯಿಗೆ ಬಂದು, ಮಹಡಿ ಮಹಡಿ ಹುಡುಕಿ, ಕೊನೆಗೆ ಒಂಬತ್ತರಲ್ಲಿ ಕಂಡ. ಬೈಯಲಿಲ್ಲ. ಕೈಹಿಡಿದು ಲಿಫ್ಟಿಗೆ ಕರೆದುಕೊಂಡು ಹೋದ. ಆಮೇಲೆ ವಾರಕ್ಕೆ ಮೂರು ಸಲ, ನಾಲ್ಕು ಸಲ ಅದೇ ಕಥೆ. ಸಂಜೆ ಡ್ರೈವರಜ್ಜ ಗಂಟಲು ಸರಿಮಾಡಿಕೊಂಡು ಫೋನಿನಲ್ಲಿ, ನಿಮ್ಮ ತಾಯಿ ಇವತ್ತೂ ದಾರಿ ತಪ್ಪಿದ್ದಾರೆ ಎನ್ನುವನು. ಕಾಲಿನ ಊತ ಇಳಿದಿತ್ತು, ಎರಡು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಸೊಸೆಗೆ ಅದು ಕಂಡಿತು, ಆದರೆ ಮರೆವು ಮಾತ್ರ ಹೆಚ್ಚುತ್ತಿದೆಯಲ್ಲ ಎಂದು ಅವಳ ಚಿಂತೆ. ಇವತ್ತು ಒಂಬತ್ತರಲ್ಲಿ ಇಳಿದವಳು ನಾಳೆ ರಸ್ತೆಗೆ ಇಳಿದರೆ? ಡಾಕ್ಟರರಿಗೆ ತೋರಿಸಲು ದಿನ ಗೊತ್ತಾಯಿತು. ಅಲ್ಲಿಯವರೆಗೆ ಬಾಗಿಲಿಗೆ ಹೊರಗಿನಿಂದ ಹಾಕುವ ಬೀಗ. ನಾಳೆ ಶನಿವಾರವೇ ಅದನ್ನು ಕೂರಿಸುವವನು ಬರುತ್ತಾನೆ.

ಅದನ್ನೇ ಹೇಳಲು ಅವಳು ಇವತ್ತು ಒಂಬತ್ತಕ್ಕೆ ಬಂದದ್ದು. ಅಜ್ಜ ಬಸ್ಸು ಹೊರಡಿಸಲಿಲ್ಲ. ನಿಜ ಹೇಳಿಬಿಡಿ ಎಂದ.

"ಹೇಗೆ ಹೇಳ್ಲಿ? ಬಿಸಿಲಿರೋ ಕೋಣೆ ಕೊಟ್ಟಿರೋ ಮಗನಿಗೆ, ನಿನ್ನ ಮನೇಲಿ ನನಗೆ ಉಸಿರು ಕಟ್ಟುತ್ತೆ ಅಂತ ಹೇಳ್ಲಾ?"

ಹೇಳಿದರೆ ಮಗನ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ಬೀಗ. ಇಬ್ಬರೂ ಆರರವರೆಗೂ ಮೋಡ ನೋಡುತ್ತಾ ಕೂತರು.

ಶನಿವಾರ ಹತ್ತು ಗಂಟೆಗೆ ಬೀಗದವನು ಬಂದು ಬಾಗಿಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ. ಮಗ ಡ್ರಿಲ್ಲಿನ ವೈರು ಎಳೆದು ಪ್ಲಗ್ಗಿಗೆ ಹಾಕುತ್ತಿದ್ದ, ಅಮ್ಮನ ಕಡೆ ನೋಡುತ್ತಿರಲಿಲ್ಲ. ಅವನ ಕುತ್ತಿಗೆಯ ಹಿಂಭಾಗ ಚಿಕ್ಕವನಿದ್ದಾಗಿನಂತೆಯೇ ಇದೆ ಎಂದು ಕಾಜಮ್ಮನಿಗೆ ಅನಿಸಿತು.

"ನಾನು ದಾರಿ ತಪ್ಪಿದ್ದು ಮೊದಲನೇ ದಿನ ಮಾತ್ರ ಕಣೋ," ಎಂದಳು. "ಆಮೇಲೆ ಒಂದು ದಿನಾನೂ ತಪ್ಪಿಲ್ಲ. ಬೇಕು ಅಂತಲೇ ಇಳೀತಿದ್ದೆ. ಇಲ್ಲಿ ಒಬ್ಬಳೇ ಇರೋಕಾಗಲ್ಲ ನನಗೆ."

ಬೀಗದವನು ಡ್ರಿಲ್ಲು ಕೆಳಗಿಟ್ಟು, ಈಗ ಬಂದೆ ಎಂದು ಹೊರಗೆ ಹೋದ. ಸೊಸೆ ಗೋಡೆಗೊರಗಿ ನಿಂತುಬಿಟ್ಟಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ನಿರಾಳ. ಮಗನ ಮುಖ ಮಾತ್ರ ಬಾಡಿಹೋಯಿತು. ರೋಗವಾಗಿದ್ದರೆ ಅವನು ಔಷಧಿ ತರುತ್ತಿದ್ದ, ಇದಕ್ಕೇನು ತರುವುದು?

"ಹೇಳಿದ್ರೆ ನಾನು ಬೇಡ ಅಂತಿದ್ನಾ ಅಮ್ಮ? ಅಷ್ಟು ದಿನ ಯಾಕೆ ಆ ಥರ ಏನೂ ತಿಳೀದವಳ ಹಾಗೆ ನಿಲ್ತಿದ್ದೆ?"

ಕಾಜಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಅವು ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳು.

"ತಿಳೀದವಳು ಅಂತ ನೀನು ಕೈ ಹಿಡ್ಕೊಂಡು ಕರ್ಕೊಂಡು ಬರ್ತಿದ್ದೆಯಲ್ಲೋ," ಎಂದಳು. "ಎರಡು ಮಹಡಿ. ನೀನು ಏಳನೇ ಕ್ಲಾಸಿಗೆ ಹೋದ್ಮೇಲೆ ನನ್ನ ಕೈ ಹಿಡಿದಿದ್ದೇ ಇಲ್ಲ."

ಬೀಗ ಕೂರಿಸಲಿಲ್ಲ. ಭಾನುವಾರ ಸೊಸೆಯೇ ಒಂಬತ್ತಕ್ಕೆ ಇಳಿದು ಅಜ್ಜನಿಗೆ ತನ್ನ ಫೋನ್ ನಂಬರನ್ನೂ ಕೊಟ್ಟು ಬಂದಳು, ಬರುವಾಗ ಗುಂಡಿ ಕಿತ್ತ ಅವನ ಎರಡು ಅಂಗಿ ತಂದಳು.

ಸೋಮವಾರ ಕಾಜಮ್ಮ ಮುಖ ಪೆಚ್ಚು ಮಾಡಿಕೊಳ್ಳದೆಯೇ ಒಂಬತ್ತರಲ್ಲಿ ಇಳಿದಳು. ಇನ್ನು ಯಾರೂ ಕರೆಯಲು ಬರಬೇಕಾಗಿಲ್ಲ, ಕತ್ತಲಾಗುವ ಮುಂಚೆ ತಾನೇ ಹತ್ತಿಹೋದರಾಯಿತು ಎಂದುಕೊಂಡಿದ್ದಳು. ಆರೂವರೆಗೆ ಬೆಲ್ಲಾಯಿತು. ಮಗ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದ. ಅಜ್ಜನಿಗೆ ಬರುತ್ತೇವೆ ಎಂದು ಹೇಳಿ, ತಾಯಿಯ ಕೈ ಹಿಡಿದುಕೊಂಡ.

ಇಬ್ಬರೂ ಲಿಫ್ಟಿನೊಳಗೆ ಹೋದರು. ಬಾಗಿಲು ಮುಚ್ಚಿತು. ಅವನು ಹನ್ನೊಂದನ್ನು ಒತ್ತಲಿಲ್ಲ. ಅವಳೂ ಒತ್ತಲಿಲ್ಲ, ಹಿಡಿದ ಕೈ ಬಿಡಲೂ ಇಲ್ಲ. ಲಿಫ್ಟು ಅಲ್ಲೇ ಬಹಳ ಹೊತ್ತು ನಿಂತಿತ್ತು.