ಹನ್ನೊಂದು ಮಂದಿ ಓದುಗರು

ಫೋನಿನಲ್ಲಿ ಲೈಕು ಬೇಡುತ್ತ ಕೂರುವುದು ನನ್ನಿಂದಾಗದ ಕೆಲಸ. ಅದಕ್ಕೇ ನನ್ನ ಕಥೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಬಟ್ಟೆ ಹೊಲಿಯುವ ಅಂಗಡಿ ಇಟ್ಟಿರುವ ಅತ್ತಿಗೆಯ ಕೈಗೆ ಕೊಟ್ಟೆ. ಓದಿದವರು ಕೊನೆಯ ಪುಟದಲ್ಲಿ ಅಭಿಪ್ರಾಯ ಬರೆದು ಇನ್ನೊಬ್ಬರಿಗೆ ದಾಟಿಸಬೇಕು, ಅಷ್ಟೆ.

ಎರಡು ತಿಂಗಳಿಗೆ ನೋಟ್‌ಬುಕ್ಕು ವಾಪಸು ಬಂತು. ಹನ್ನೊಂದು ಅಭಿಪ್ರಾಯ, ಹನ್ನೊಂದೂ ಹೊಗಳಿಕೆ, ಹನ್ನೊಂದೂ ಅತ್ತಿಗೆಯದೇ ಅಕ್ಷರ! ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಅಂಗಡಿಗೆ ನುಗ್ಗಿದೆ.

“ಯಾರ ಕಿವಿ ಮೇಲೆ ಹೂ ಇಡ್ತಿದೀರಾ ಅತ್ತಿಗೆ? ಒಬ್ರೂ ಓದಿಲ್ಲ ತಾನೆ?”

ಅತ್ತಿಗೆ ಹೊಲಿಯುತ್ತ ಕೂತಿದ್ದ ಹೆಂಗಸರನ್ನು ತೋರಿಸಿದರು. “ಇವ್ರ ಕೈಯಲ್ಲಿ ಸೂಜಿ ಇರತ್ತೆ ಕಣೋ, ಪುಸ್ತಕ ಹಿಡಿಯೋದು ಹೇಗೆ? ನಾನೇ ಓದಿ ಹೇಳ್ದೆ. ಅವ್ರು ಅಂದಿದ್ದನ್ನ ನಾನೇ ಬರೆದೆ.”

ನಾನು ನಂಬಲಿಲ್ಲ. ಗುಂಡಿ ಹಾಕುತ್ತಿದ್ದ ಹೆಂಗಸಿನ ಕಡೆ ತಿರುಗಿ, “ಯಾವ ಕಥೆ ಇಷ್ಟ ಆಯ್ತು, ಹೇಳಿ ನೋಡೋಣ,” ಎಂದೆ.

ಆಕೆಯ ಕಣ್ಣು ತುಂಬಿ ಬಂತು. “ಆ ಮುದುಕಿ ಕೊನೇವರೆಗೂ ಬಾಗಿಲು ತೆಗೀಲೇ ಇಲ್ವಲ್ಲಣ್ಣ! ನಾವೆಲ್ಲ ಕೆಲ್ಸ ಬಿಟ್ಟು ಅತ್ತುಬಿಟ್ವಿ.”

ಅತ್ತಿಗೆಯ ಮಿಷನ್ನು ಇದ್ದಕ್ಕಿದ್ದಂತೆ ಜೋರಾಗಿ ಓಡತೊಡಗಿತು. ನಾನು ಬರೆದ ಯಾವ ಕಥೆಯಲ್ಲೂ ಮುದುಕಿ ಇಲ್ಲ.