ಕಟ್ಟದ ಹರಳು

ಬ್ರಿಟಾ ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆಯನ್ನು ಇನ್ನೊಮ್ಮೆ ಗೀರಿದಳು. ಕರ್ರ್ ಎಂದು ಹಲ್ಲು ಜುಮ್ಮೆನ್ನಿಸುವ ಸದ್ದಾಯಿತೇ ಹೊರತು ಹರಳು ಕಟ್ಟಲಿಲ್ಲ. ಮಂಜುಗಡ್ಡೆಯ ತೊಟ್ಟಿಯಲ್ಲಿ ಕುಳಿತ ಫ್ಲಾಸ್ಕಿನೊಳಗೆ ನೀರು ತಿಳಿಯಾಗಿ, ತನಗೂ ಈ ಪರೀಕ್ಷೆಗೂ ಸಂಬಂಧವೇ ಇಲ್ಲವೆಂಬಂತಿತ್ತು.

ಮಾಡಬೇಕಾದದ್ದು ಇಷ್ಟೇ: ಕೊಟ್ಟ ಕೊಳಕು ಪುಡಿಯನ್ನು ಕುದಿನೀರಿನಲ್ಲಿ ಕರಗಿಸಿ, ಸೋಸಿ, ತಣಿಸಿ, ಶುದ್ಧ ಹರಳು ತೆಗೆದು ತೂಗಿ ಒಪ್ಪಿಸಬೇಕು. ಪುಡಿ ಕರಗಲು ಎಷ್ಟು ಬೇಕೋ ಅಷ್ಟೇ ನೀರು; ಹೆಚ್ಚಾದರೆ ತಣಿದ ಮೇಲೂ ಎಲ್ಲ ಕರಗಿಯೇ ಇರುತ್ತದೆ. ಬ್ರಿಟಾಳ ಕೈ ಎಡವಿದ್ದು ಅಲ್ಲೇ. ತನ್ನೂರು ಎಲ್‌ಸ್ಟಾಡಿನ ಚರ್ಚಿನ ನೆಲಮಾಳಿಗೆಯಲ್ಲಿ, ಭಾನುವಾರದ ಕಾಫಿಗೆ ಜನ ಹೆಚ್ಚು ಬಂದರೆ ಪಾತ್ರೆಗೆ ಇನ್ನಷ್ಟು ನೀರು ಸುರಿದು ಸುಧಾರಿಸಿದ ಕೈ ಅದು. ಆ ಊರಿನಲ್ಲಿ ಕಾಫಿ ನೀರುನೀರಾದರೆ ಯಾರೂ ಚಕಾರವೆತ್ತುವುದಿಲ್ಲ, ಕಡಿಮೆ ಬಿದ್ದರೆ ಮಾತ್ರ ಮರ್ಯಾದೆ ಹೋಗುತ್ತದೆ. ತಳದಲ್ಲಿ ಒಂದೆರಡು ಕಣ ಕರಗದೆ ಉಳಿದಾಗ ಅವಳು ಸುರಿದಳು, ಮತ್ತೆ ಸುರಿದಳು. ಅವು ಎಂದೂ ಕರಗದ ಕಸವೆಂದು ಹೊಳೆಯುವಷ್ಟರಲ್ಲಿ ಒಲೆಗಳನ್ನೆಲ್ಲ ಆರಿಸಿಯಾಗಿತ್ತು, ಹೆಚ್ಚಿನ ನೀರನ್ನು ಕುದಿಸಿ ಇಂಗಿಸುವಂತಿರಲಿಲ್ಲ.

ಈ ಪರೀಕ್ಷೆ ಕೈಕೊಟ್ಟರೆ ರಸಾಯನಶಾಸ್ತ್ರವೂ ಹೋಯಿತು, ಈ ವರ್ಷ ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕುವುದೂ ಹೋಯಿತು. ಮುದುಕ ಆರ್ವಿಡ್ ಬಾಗಿಲೆಳೆದ ಮೇಲೆ ಎಲ್‌ಸ್ಟಾಡಿನ ಏಕಮಾತ್ರ ಔಷಧದಂಗಡಿ ಖಾಲಿ ಬಿದ್ದಿತ್ತು. ಸಕ್ಕರೆ ಕಾಯಿಲೆಯ ಗುಳಿಗೆಗೂ ಜನ ಹಿಮದಲ್ಲಿ ಪಕ್ಕದ ಜಿಲ್ಲೆಗೆ ಹೋಗಬೇಕು. "ಬ್ರಿಟಾಗೆ ಸೀಟು ಸಿಕ್ಕರೆ ಅವಳು ಓದಿ ಬರೋ ತನಕ ಕಾಯ್ತೀನಿ. ಇಲ್ಲಾಂದ್ರೆ ಬೇಸಿಗೆಗೆ ಮಾರಿಬಿಡ್ತೀನಿ" ಎಂದು ಆರ್ವಿಡ್ ಅವಳ ಅಜ್ಜನಿಗೆ ಹೇಳಿದ್ದ. ಪೆಟ್ರೋಲ್ ಬಂಕಿನವನಂತೂ ಈಗಲೇ "ಡಾಕ್ಟ್ರಮ್ಮಾ, ನನ್ನ ಮಂಡಿನೋವಿಗೆ ಒಂದು ಮಾತ್ರೆ ಎತ್ತಿಟ್ಟಿರು" ಎಂದು ರೇಗಿಸುತ್ತಿದ್ದ. ಇಡೀ ಊರು ತನ್ನ ಆಸೆಯನ್ನೆಲ್ಲ ತಂದು ಈ ಹುಡುಗಿಯ ತಲೆಗೆ ಕಟ್ಟಿತ್ತು.

"ಮೇಡಂ, ಇನ್ನೊಂದು ಸ್ವಲ್ಪ ಹೊತ್ತು ಕೊಡ್ತೀರಾ?"

ಪರೀಕ್ಷೆ ನಡೆಸುತ್ತಿದ್ದ ಹೋಲ್ಮ್ ಮೇಡಂ ಫ್ಲಾಸ್ಕ್ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. "ನಿನಗೆ ಕೊಟ್ರೆ ಎಲ್ರಿಗೂ ಕೊಡ್ಬೇಕಾಗತ್ತಮ್ಮ. ನನ್ನ ಕೈಲಿಲ್ಲ." ಆಮೇಲೆ ಅತ್ತ ಹೋಗಿ, ಏನೂ ಬರೆಯದ ಬೋರ್ಡನ್ನು ಒರೆಸತೊಡಗಿದರು.

ಪಕ್ಕದ ಮೇಜಿನ ಕೊರಿನ್, ಅದೇ ಕಾಲೇಜಿಗೆ ಅರ್ಜಿ ಹಾಕಲಿದ್ದವಳು, ಚಮಚದ ತುದಿಯಲ್ಲಿ ತನ್ನದೊಂದು ಹರಳನ್ನು ಮೆಲ್ಲಗೆ ಚಾಚಿದಳು.

"ತಗೊಳ್ಳೇ. ಒಂದು ಕಾಳು ಬಿಟ್ರೆ ಅದನ್ನೇ ಹಿಡ್ಕೊಂಡು ಉಳಿದಿದ್ದು ಕಟ್ಟತ್ತೆ."

"ಬೇಡ್ವೇ. ಸಿಕ್ಕಿಬಿದ್ರೆ ನಿನ್ನ ಸೀಟೂ ಹೋಗತ್ತೆ."

"ಸುಮ್ನೆ ಹಾಕೇ ಅಂದ್ರೆ! ಮುಖ ನೋಡ್ಕೊ, ಸುಣ್ಣ ಬಳಿದ ಹಾಗಾಗಿದೆ."

ತಪ್ಪೆಂದು ಬ್ರಿಟಾಳಿಗೆ ಗೊತ್ತಿತ್ತು. ಆದರೂ ತೆಗೆದುಕೊಂಡಳು. ಹರಳು ಮಿನುಗುತ್ತಾ ತಳಕ್ಕಿಳಿಯಿತು. ಇಬ್ಬರೂ ಬಗ್ಗಿ ನೋಡಿದರು. ಅದರ ಅಂಚು ಮೊದಲು ಮಸುಕಾಯಿತು, ಆಮೇಲೆ ಮೈ ಸಣ್ಣಗಾಯಿತು, ಕೊನೆಗೆ ಅದೂ ಕರಗಿಹೋಯಿತು. ಅಷ್ಟು ನೀರಿಗೆ ಅದು ಯಾವ ಲೆಕ್ಕ.

"ಅಯ್ಯೋ" ಎಂದಳು ಕೊರಿನ್, ತನ್ನದೇ ಹೋದಂತೆ.

ಬ್ರಿಟಾ ಹೆಸರು ಬರೆದ ಖಾಲಿ ಶೀಶೆಯನ್ನು ಒಪ್ಪಿಸಿ ಹೊರಗೆ ಬಂದಳು. ಅಳುವೂ ಬರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು. ಅಮ್ಮ.

"ಮುಗೀತೇನೇ? ಹೇಗ್ಮಾಡ್ದೆ?"

"ಮುಗೀತಮ್ಮ."

"ಮಾಡೇ ಮಾಡಿರ್ತೀಯ, ನಂಗೊತ್ತು. ಇಲ್ಲಿ ನಿಮ್ಮಜ್ಜನ ಅವತಾರ ನೋಡು. ಬೆಳಗಿನಿಂದ ಆರ್ವಿಡ್ ಅಂಗಡಿ ಮುಂದೆ ಹಿಮ ಕೆರೀತಾ ನಿಂತಿದ್ದಾರೆ. ಮುಚ್ಚಿದ ಅಂಗಡಿಗೆ ಯಾರು ಬರ್ತಾರೆ, ಕಾರೊಳಗೆ ಬಾರಪ್ಪ ಅಂದ್ರೆ, ಹಿಮ ಕೂತು ಮೆಟ್ಲು ಸೀಳು ಬಿಟ್ರೆ ನಾಳೆ ಅಂಗಡಿಗೆ ನಮ್ಮ ಹುಡುಗಿ ಹೇಗೆ ಹತ್ತಬೇಕು ಅಂತಾರೆ! ಇರು, ಅವರಿಗೇ ಕೊಡ್ತೀನಿ."

"ಬೇಡಮ್ಮ, ಆಮೇಲೆ..."

ಅಷ್ಟರಲ್ಲಿ ಅಮ್ಮ ಕಾರಿನಿಂದ ಇಳಿದಾಗಿತ್ತು. ಫೋನಿನಲ್ಲಿ ಗಾಳಿ ಬೀಸಿತು. ಅದರಾಚೆ, ಕಲ್ಲಿನ ಮೆಟ್ಟಿಲ ಮೇಲೆ ಅಜ್ಜನ ಸಲಿಕೆ ಕೆರೆಯುವ ಸದ್ದು ಕೇಳಿಸತೊಡಗಿತು. ಕರ್ರ್, ಕರ್ರ್. ಬ್ರಿಟಾ ಫೋನನ್ನು ಕಿವಿಯಿಂದ ತೆಗೆಯದೆ ಹಾಗೇ ನಿಂತಳು.